ಸಲೋಮಿ ನನ್ನ ಹೆಸರು ಹೇಳಿದಳು

ಮೊನ್ನೆ ನೆರೆಮನೆಯಾಕೆ ಒಂದು ಡಬ್ಬಿ ಶೇಂಗಾ ಹಿಂಡಿ ತಂದುಕೊಟ್ಟಳು. ಮುಚ್ಚಳ ತೆಗೆದದ್ದೇ ತಡ, ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿದು, ನಾನು ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯೊಂದರ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟೆ. ಪಕ್ಕದಲ್ಲಿ ಸಲೋಮಿ. ನಡುವೆ ಅವಳ ಹಿತ್ತಾಳೆಯ ಡಬ್ಬಿ. ಡಬ್ಬಿ ಅವಳದು, ಊಟ ಇಬ್ಬರದು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ನಾವಿಬ್ಬರೂ ಆ ಸಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಹೆಣ್ಣು ಶಿಕ್ಷಕಿಯರನ್ನು ಮಕ್ಕಳು ಹಾಗೇ ಕರೆಯುವುದು. ಇಬ್ಬರೂ ಒಂದೇ ಚರ್ಚಿನವರು, ಗಾಯನ ಮಂಡಳಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವವರು. ಅವಳು ಹಾಡುತ್ತಿದ್ದಳು, ನಾನು ಬಾಯಿ ತೆರೆಯುತ್ತಿದ್ದೆ. ಆದರೆ ಬೈಬಲ್ ವಚನ ಬಾಯಿಪಾಠ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಚಿಕ್ಕಂದಿನಲ್ಲಿ ಅದಕ್ಕೆ ಬಂದ ಬಹುಮಾನಗಳನ್ನು ಟ್ರಂಕಿನಲ್ಲಿಟ್ಟು, ಸ್ವರ್ಗದಲ್ಲಿ ನನಗೊಂದು ಖುರ್ಚಿ ಕಾಯ್ದಿರಿಸಿದ್ದಾರೆ ಎಂಬ ಧೈರ್ಯದಲ್ಲಿದ್ದೆ.

ಒಂದು ಕ್ರಿಸ್‌ಮಸ್ಸಿಗೆ ಧಾರವಾಡದಿಂದ ಹಾಡುವವರ ತಂಡ ಬಂತು. ಅದರಲ್ಲಿ ಸಪ್ತಾಪುರದ ಒಬ್ಬ ಹೈಸ್ಕೂಲ್ ಮಾಸ್ತರ. ಗಡಸು ದನಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಹಾಡುವಾಗ ಅವನು ನನ್ನ ಕಡೆಗೇ ನೋಡುತ್ತಿದ್ದ. ನನ್ನ ತಲೆಯ ಹಿಂದೆ ಗೋಡೆ ಗಡಿಯಾರವಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಮನಸ್ಸಿನೊಳಗೆ ಲಗ್ನವಾಗಿ, ಅವನ ಮನೆಯ ಕಿಟಕಿಗೆ ಪರದೆ ಕಟ್ಟಿ ಆಗಿತ್ತು.

ಅವನ ತಾಯಿ ಎಸ್ತರಬಾಯಿ ಒಂದು ದಿನ ನಮ್ಮ ಸಾಲೆಗೇ ಬಂದರು. ಊಟದ ಬಿಡುವಿನಲ್ಲಿ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು. ನಾನು ಸೆರಗು ಸರಿಮಾಡಿಕೊಂಡು ಹೋದೆ.

"ನಮ್ಮ ಹುಡುಗಗ ಸಲೋಮೀನ ನೋಡೇವಿ. ನೀ ಅಕಿ ಗೆಳತಿ ಅಲ್ಲ? ಖರೇ ಹೇಳವಾ, ಹುಡುಗಿ ಹೆಂಗ?"

"ಭಾಳ ಛಲೋ ಹುಡುಗಿ ರೀ," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಹ್ವಾದ ವರ್ಷ ಒಮ್ಮೆ ಸಾಲ್ಯಾಗ ಎಚ್ಚರ ತಪ್ಪಿ ಬಿದ್ದಿದ್ಲು ರೀ. ಯಾಕೋ ಏನೋ..."

ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನದ ಜ್ವರದಲ್ಲೇ, ಮಕ್ಕಳ ಪರೀಕ್ಷೆ ಎಂದು, ಏನೂ ತಿನ್ನದೆ ಬಂದು ಬಿದ್ದಿದ್ದಳು. ಮುಖಕ್ಕೆ ನೀರು ಚಿಮುಕಿಸಿದವಳು ನಾನೇ.

ಎಸ್ತರಬಾಯಿ ದನಿ ತಗ್ಗಿಸಿ ಕೇಳಿದರು: "ಬಾಯಾಗ ನೊರಿ ಬಂದಿತ್ತೇನು?"

ನಾನು ಸುಮ್ಮನಿದ್ದೆ.

ಅಷ್ಟೇ ನಾನು ಮಾಡಿದ್ದು. ಸುಳ್ಳು ಹೇಳಲಿಲ್ಲ ಎಂದು ಆ ಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ! ಸಲೋಮಿಯ ಸಂಬಂಧ ಮುರಿಯಿತು. ಮಳೆಗಾಲ ಬರುವುದರೊಳಗೆ ಆ ಮಾಸ್ತರನಿಗೆ ಬೆಳಗಾವಿಯ ಹುಡುಗಿಯೊಡನೆ ಲಗ್ನವೂ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ. ಸಲೋಮಿಗೆ ಮೂರ್ಛೆ ರೋಗವಂತೆ ಎಂಬ ಮಾತು ಮಾತ್ರ ಮನೆಯಿಂದ ಮನೆಗೆ ದಾಟುತ್ತ ಹೋಯಿತು. ಅವಳನ್ನು ನೋಡಲು ಬರಬೇಕಿದ್ದ ಇನ್ನೊಂದು ಮನೆಯವರು ಬರಲೇ ಇಲ್ಲ. ಸಲೋಮಿಯ ತಂದೆ ಚರ್ಚಿನ ಸಭೆ ಮುಗಿದ ಮೇಲೆ ಯಾರೊಡನೆಯೂ ನಿಂತು ಮಾತಾಡದೆ ಮನೆಗೆ ಹೋಗತೊಡಗಿದರು.

ಅವಳು ಮಾತ್ರ ದಿನವೂ ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ನನ್ನ ಕಡೆ ಸರಿಸುತ್ತಿದ್ದಳು. ನಾನು ತಿನ್ನುತ್ತಿದ್ದೆ. ನಡುವೆ ನನಗೆ ವಿಷಮಜ್ವರ ಬಂದಾಗ ತಿಂಗಳುಗಟ್ಟಲೆ ನನ್ನ ತರಗತಿಯನ್ನೂ ತಾನೇ ನೋಡಿಕೊಂಡಳು.

ಹಾಸಿಗೆಯಿಂದ ಎದ್ದವಳಿಗೆ ಕರ್ತನ ಭೋಜನದ ಭಾನುವಾರಗಳು ದೊಡ್ಡ ಸಂಕಟವಾದವು. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಸಭಾಪಾಲಕರು, ಯಾರ ಮೇಲಾದರೂ ಅಪರಾಧ ಮಾಡಿದ್ದರೆ ಮೊದಲು ಹೋಗಿ ಸಮಾಧಾನವಾಗಿ ಬನ್ನಿ ಎನ್ನುತ್ತಿದ್ದರು. ತಲೆನೋವೆಂದು ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪ್ರತಿ ಸಲವೂ ಅದೇ ಹೊತ್ತಿಗೆ ತಲೆನೋವು! ಸಭೆಯ ಹೆಂಗಸರು ನನಗೆ ತರತರದ ಮುಲಾಮು ತಂದುಕೊಟ್ಟರು. ಒಬ್ಬರಂತೂ ಕನ್ನಡಕ ಹಾಕಿಸಿಕೋ ಎಂದರು.

ಮರುವರ್ಷದ ಶುಭ ಶುಕ್ರವಾರ ಹತ್ತಿರ ಬಂದಿತ್ತು. ಒಂದು ಸಂಜೆ ಮಕ್ಕಳು ಹೋದ ಮೇಲೆ ಸಲೋಮಿ ಕರಿಹಲಗೆ ಒರೆಸುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಬೆನ್ನಿಗೆ ಹೇಳಿದೆ, "ಸಲೋಮಿ, ಎಸ್ತರಬಾಯಿಗೆ ಹೇಳಿದಾಕಿ ನಾನ."

ಅವಳ ಕೈ ನಿಲ್ಲಲಿಲ್ಲ. "ನನಗ ಗೊತ್ತೈತಿ," ಎಂದಳು.

"ಯಾವಾಗಿಂದ?"

"ಸಂಬಂಧ ಮುರದ ಎಂಟ ದಿನದಾಗ ಗೊತ್ತಾತು. ಎಸ್ತರಬಾಯಿ ಮನಿಯವರ ಹೇಳಿದ್ರು."

"ಗೊತ್ತಿದ್ದೂ ದಿನಾ ನನ್ನ ಕೂಡ ಊಟ ಮಾಡಿದಿ?"

ಅವಳು ತಿರುಗಿದಳು. ಮುಖದಲ್ಲಿ ನಗೆಯಿರಲಿಲ್ಲ. "ಮೊದಲ ಮೊದಲ ನನಗ ತುತ್ತ ಇಳೀತಿದ್ದಿಲ್ಲ. ಸಾಲಿ ಪ್ರಾರ್ಥನಾದಾಗ 'ನಾವು ಕ್ಷಮಿಸಿದಂಗ ನಮ್ಮನ್ನ ಕ್ಷಮಿಸು' ಅನ್ನೂ ಸಾಲು ಬಂತಂದ್ರ ಬಾಯಿ ಮುಚ್ಚತಿದ್ದೆ. ದೇವರ ಮುಂದ ಸುಳ್ಳ ಹೆಂಗ ಹೇಳಲಿ? ನಿನಗ ಜ್ವರ ಬಂದಾಗ, ಆತು, ದೇವರ ನೋಡ್ಯಾನ ಅಂತ ಒಂದಿನ ಖುಷೀನೂ ಆತು. ಆ ಖುಷಿ ನೋಡಿ ನನಗ ನನ್ನ ಅಂಜಿಕಿ ಬಂತು."

"ಮತ್ತ?"

"ಮತ್ತೇನು, ಅವತ್ತ ಮಣಕಾಲೂರಿ ಅತ್ತೆ. ನಾ ಏನ ಛಲೋದ ಮಾಡೇನಂತ ದೇವರ ನನ್ನ ಕ್ಷಮಿಸ್ಯಾನ? ನಾ ಕೇಳೂಕಿಂತ ಮೊದಲ ಕೊಟ್ಟಾನ. ನೀ ಬಂದು ಕೇಳಲಿ ಅಂತ ಕಾಯ್ಕೋತ ಕೂತ್ರ ನಾನ ಒಣಗಿ ಹೋಗ್ತಿದ್ದೆ. ಅದಕ್ಕ ಅವತ್ತ ಬಿಟ್ಟೆ. ಮರುದಿನ ಮತ್ತ ಸಿಟ್ಟ ಬಂತು, ಮತ್ತ ಬಿಟ್ಟೆ."

ನಾನು ಅತ್ತೆ. ಅವಳು ಹಲಗೆ ಒರೆಸುತ್ತಿದ್ದ ಅರಿವೆಯನ್ನೇ ಕೊಟ್ಟಳು, ಮುಖವೆಲ್ಲ ಸುಣ್ಣವಾಯಿತು. ಆಗ ಅವಳು ಮೊದಲ ಸಲ ನಕ್ಕಳು. ಮರುಕ್ಷಣವೇ ಗಟ್ಟಿಯಾಗಿ ಹೇಳಿದಳು: "ಆದ್ರ ಕೇಳ, ಆ ಮಾತು ಇನ್ನೂ ಊರಾಗ ತಿರಗಾಕತ್ತೇತಿ. ನಮ್ಮಪ್ಪ ತಲಿ ಎತ್ತವಲ್ಲ. ಅದನ್ನ ನೀನ ಹೋಗಿ ತಿದ್ದಬೇಕು."

ಮುಂದಿನ ಶನಿವಾರ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ನವಲೂರು ದಾಟುವವರೆಗೆ ವಚನಗಳನ್ನು ನೆನೆಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ.

ಎಸ್ತರಬಾಯಿ ಎಲ್ಲವನ್ನೂ ಕೇಳಿ, "ಅವತ್ತ ನಿನಗ ಬಾಯಿ ಇದ್ದಿಲ್ಲೇನು?" ಎಂದರು.

"ಇತ್ರಿ. ನಿಮ್ಮ ಮಗನ್ನ ನಾನ ಮಾಡ್ಕೋಬೇಕಂತ ಮನಸಿನ್ಯಾಗ ಇತ್ರಿ."

"ಅವಗ ಗೊತ್ತಿತ್ತೇನು?"

"ಇಲ್ರಿ."

ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನೂ ಅಕೀನ್ನ ಒಂದ ಮಾತ ಕೇಳಬೇಕಿತ್ತು. ಕೇಳದ ಮಂದಿಗೆ ಹೇಳ್ಕೋತ ಹೊಂಟೆ. ನಡಿ, ಯಾರ್‍ಯಾರಿಗೆ ಹೇಳೇನಿ ಅವರ ಮನಿಗೆ ಇಬ್ರೂ ಹೋಗೋಣು."

ಹೋದೆವು. ಮರುದಿನ ಭಾನುವಾರ ಧಾರವಾಡದಲ್ಲಿ, ಅದರ ಮುಂದಿನ ಭಾನುವಾರ ಹುಬ್ಬಳ್ಳಿಯಲ್ಲಿ. ಕೆಲವರು ಚಹಾ ಕೊಟ್ಟರು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಕೇಳಿ ಕಳಿಸಿದರು. ಕೊನೆಗೆ ಸಲೋಮಿಯ ತಂದೆಯ ಮುಂದೆ ನಿಂತು ಮಾಡಿದ್ದನ್ನು ಹೇಳಿದೆ. ಆ ಹಿರಿಯರು ನನ್ನ ತಲೆಯ ಮೇಲೆ ಕೈಯಿಟ್ಟರು. ಮುಂದಿನ ಕರ್ತನ ಭೋಜನಕ್ಕೆ ನಾನು ಎದ್ದು ಹೋಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಕ್ಷಮೆಯೆಂದರೆ ಹಳೆಯದನ್ನು ಒರೆಸಿಹಾಕುವುದು ಎಂದಷ್ಟೇ ತಿಳಿದು ಇದ್ದುಬಿಡುತ್ತಿದ್ದೆ. ಎರಡು ವರ್ಷಗಳ ಮೇಲೆ ಒಂದು ಮುಂಜಾನೆ ನಮ್ಮ ಮನೆಗೆ ರುಮಾಲು ಸುತ್ತಿದ ಅಪರಿಚಿತ ಹಿರಿಯರೊಬ್ಬರು ಬಂದರು. ಗದಗಿನವರು. ತಮ್ಮನ ಮಗನಿಗೆ ಸಲೋಮಿಯನ್ನು ಕೇಳಲು ಬಂದಿದ್ದರು.

"ಹುಡುಗಿ ವಿಚಾರ ಯಾರನ್ನ ಕೇಳಬೇಕವಾ ಅಂತ ಅಕೀನ್ನ ಕೇಳಿದೆ. ನಿನ್ನ ಹೆಸರ ಹೇಳಿದ್ಲು. 'ನನ್ನ ಬಗ್ಗೆ ಅಕಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ, ಅಕೀನ್ನ ಕೇಳ್ರಿ' ಅಂದ್ಲು."

ನಾನು ಕೆಡಿಸಿದ ಜಾಗವನ್ನೇ ಹುಡುಕಿ, ತನ್ನ ಬದುಕನ್ನು ಮತ್ತೊಮ್ಮೆ ನನ್ನ ನಾಲಗೆಯ ಮೇಲೆ ಇಟ್ಟಿದ್ದಳು. ಸಭೆಯಲ್ಲಿ ಅಷ್ಟು ವರ್ಷ ಕೇಳಿದ ಕೃಪೆ ಎಂಬ ಮಾತಿನ ತೂಕ ನನಗೆ ಗೊತ್ತಾದದ್ದು ಆಗ. ಹೊಗಳಿಕೆಯ ಮಾತು ಒಂದೂ ಬರಲಿಲ್ಲ. ನಾನು ಮಾಡಿದ್ದನ್ನು, ಅವಳು ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಹಿರಿಯರು ಎದ್ದು ಛತ್ರಿ ಕೈಗೆ ತಗೊಂಡರು. "ಇಷ್ಟ ಸಾಕವಾ. ಇನ್ನ ಯಾರನ್ನೂ ಕೇಳೂದಿಲ್ಲ," ಎಂದರು. ಆ ಬೇಸಿಗೆಯಲ್ಲಿ ಲಗ್ನವಾಯಿತು. ಸಲೋಮಿ ಗದಗಿನಲ್ಲಿ ತುಂಬು ಸಂಸಾರ ಮಾಡಿ, ಕೆಲವು ವರ್ಷಗಳ ಹಿಂದೆ ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಆಮೇಲೆ ಹೆಂಗಸರ ಕೂಟಗಳಲ್ಲಿ ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ. ಆದರೆ ಪ್ರತಿ ಸಲವೂ, "ನನಗೆ ಪರಿಚಯದ ಒಬ್ಬ ಅಕ್ಕೋರು ಇದ್ದರು" ಎಂದೇ ಶುರುಮಾಡುತ್ತಿದ್ದೆ. ಮೊಮ್ಮಕ್ಕಳಿಗೂ ಹಾಗೇ ಹೇಳಿದ್ದೇನೆ. ಇಂದು ಬರೆಯಲು ಕೂತಾಗಲೂ ಕೈ ಅದೇ ಮಾತಿನ ಕಡೆಗೆ ಹೋಯಿತು. ಅದನ್ನು ಹೊಡೆದುಹಾಕಿ 'ನಾನು' ಎಂದು ಬರೆದೆ. ನೋಡಿ, ಏನೂ ಆಗಲಿಲ್ಲ. ಮೊಮ್ಮಗಳು ಒಳಗಿನಿಂದ, "ಅಜ್ಜಿ, ಏನ ಬರ್‍ಯಾಕತ್ತಿ?" ಎಂದು ಕೇಳುತ್ತಿದ್ದಾಳೆ. ಬಾ, ಓದು ಎಂದು ಕರೆದಿದ್ದೇನೆ.