ಮೇಷ್ಟ್ರುಗಳನ್ನು ಬೆಳೆಸುವ ಹೆಲ್ಕಾ

ಆಗಷ್ಟೇ ಬೆಳಕು ಹರಿಯುತ್ತಿದೆ. ಹೆಪ್ಪುಗಟ್ಟಿದ ಹೌಕಿಯಾರ್ವಿ ಸರೋವರದ ಮೇಲೆ ಹೆಲ್ಕಾ ಕೆರಾನೆನ್ ಒಬ್ಬರೇ ನಿಂತು ಉದ್ದನೆಯ ಬೈರಿಗೆ ತಿರುಗಿಸುತ್ತಿದ್ದಾರೆ. ಮಂಜುಗಡ್ಡೆ ಕರಕರನೆ ಪುಡಿಯಾಗಿ ಮೇಲೆ ಬರುತ್ತದೆ. ತೂತು ಬಿದ್ದೊಡನೆ ಗಡ್ಡೆಯ ದಪ್ಪ ಅಳೆದು, ಮಕ್ಕಳ ಭಾರ ತಡೆಯುತ್ತದೆಂದು ಖಾತ್ರಿ ಮಾಡಿಕೊಂಡು, ಆಚೆ ಹೋಗಿ ಇನ್ನೊಂದು ಕೊರೆಯುತ್ತಾರೆ. ಅವರು ಮೀನಿಗೆ ಬಂದವರಲ್ಲ. ಇನ್ನು ಸ್ವಲ್ಪ ಹೊತ್ತಿಗೆ ವಿಜ್ಞಾನದ ಪಾಠ ಇಲ್ಲೇ ನಡೆಯಬೇಕು. ಮೇಲೆ ಇಷ್ಟು ಚಳಿಯಿದ್ದರೂ ತಳದ ನೀರು ಏಕೆ ಹೆಪ್ಪುಗಟ್ಟುವುದಿಲ್ಲ ಎಂಬುದನ್ನು ಮಕ್ಕಳು ದಾರಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟು ತಾವೇ ಕಂಡುಕೊಳ್ಳಬೇಕು.

ಪಾಠ ಮಾಡುವವಳು ಪಿನ್ಯಾ. ದೂರದ ತುರ್ಕು ನಗರದ ಕಡೆಯ ಹುಡುಗಿ, ವಿಶ್ವವಿದ್ಯಾಲಯದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದಾಳೆ. ಗಣಿತ, ವಿಜ್ಞಾನದ ಮೇಷ್ಟ್ರುಗಳನ್ನು ತಯಾರು ಮಾಡಲೆಂದು ಹೆಲ್ಸಿಂಕಿಯ ಒಂದು ಪ್ರತಿಷ್ಠಾನ ವಿಶ್ವವಿದ್ಯಾಲಯಕ್ಕೆ ಹಣ ಕೊಡುತ್ತದೆ. ಆ ಹಣದಲ್ಲಿ ವಿದ್ಯಾರ್ಥಿಗಳು ಇಡೀ ಚಳಿಗಾಲ ನಮ್ಮಂಥ ಮೂಲೆಯ ಊರುಗಳಲ್ಲಿದ್ದು ಕಲಿಸುತ್ತಾರೆ. ಅವರಿಗೆ ಕೋಣೆ ಹುಡುಕುವುದು, ಪಾಠದ ಸಾಮಾನು ಹೊಂದಿಸುವುದು, ಹಿಂದಿನ ಬೆಂಚಿನಲ್ಲಿ ಕೂತು ಕೇಳುವುದು, ಅತ್ತರೆ ಕಾಫಿ ಕಾಯಿಸಿ ಕೊಡುವುದು ಹೆಲ್ಕಾ ಕೆಲಸ. ಪ್ರಾಧ್ಯಾಪಕರ ಹೆಸರುಗಳು ಯೋಜನೆಯ ಫಲಕದ ಮೇಲಿವೆ. ಹೆಲ್ಕಾ ಹೆಸರು ಎಲ್ಲೂ ಇಲ್ಲ.

ಮೊದಲು ಅವರು ನಮ್ಮೂರ ಶಾಲೆಯ ಅಡುಗೆಮನೆಯಲ್ಲಿದ್ದರು. ಇದ್ದೊಬ್ಬ ಭೌತಶಾಸ್ತ್ರದ ಮೇಷ್ಟ್ರು ನಿವೃತ್ತರಾದ ಮೇಲೆ ವರ್ಷಗಟ್ಟಲೆ ಜಾಹೀರಾತು ಕೊಟ್ಟರೂ ಒಂದು ನರಪಿಳ್ಳೆಯೂ ಅರ್ಜಿ ಹಾಕಲಿಲ್ಲ. ದೊಡ್ಡ ತರಗತಿಗೆ ಬಂದ ಹೆಲ್ಕಾ ಮಗ ಪೇಟೆಯ ಶಾಲೆಗೆ ಕತ್ತಲಲ್ಲೇ ಬಸ್ಸು ಹತ್ತಿ ಕತ್ತಲಲ್ಲೇ ಇಳಿದ. "ಊಟದ ತಟ್ಟೆ ಮುಂದೆ ಕೂತ್ಕೊಂಡೇ ತೂಕಡಿಸ್ತಿದ್ದ. ಲೆಕ್ಕ ಅಂದ್ರೇನೇ ಬೇಜಾರು ಬಂದ್ಬಿಡ್ತು ಅವ್ನಿಗೆ," ಎನ್ನುತ್ತಾರೆ. ಯೋಜನೆ ಶುರುವಾದಾಗ ಈ ಕೆಲಸ ಕೇಳಿಕೊಂಡು ಹೋದವರು ಅವರೊಬ್ಬರೇ.

ಅವರು ಹೇಳಿಕೊಡುವುದು ಹೆಚ್ಚೇನಿಲ್ಲ. ಪಿನ್ಯಾ ಮೊದಮೊದಲು ಪ್ರಶ್ನೆ ಕೇಳಿ, ಮಕ್ಕಳು ಸುಮ್ಮನಿದ್ದದ್ದು ಕಂಡು ಗಾಬರಿಯಾಗಿ ತಾನೇ ಉತ್ತರ ಹೇಳಿಬಿಡುತ್ತಿದ್ದಳಂತೆ. ಹೆಲ್ಕಾ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ನಮ್ ಮಕ್ಳು ನಿಧಾನಕ್ಕೆ ಬಾಯಿ ಬಿಡ್ತಾವೆ, ಕಾಯಬೇಕು. ಉತ್ತರಾನೂ ನೀನೇ ಹೇಳೋದಾದ್ರೆ ಅವ್ರನ್ನ ಯಾಕಮ್ಮ ಕೇಳ್ತೀಯ?"

ಈ ಚಳಿಗಾಲಕ್ಕೆ ಆ ಹಣದ ಅವಧಿ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ನೋಡಿ ಹೇಳಲು ಪ್ರತಿಷ್ಠಾನ ಮರೈಕೆ ಎಂಬವರನ್ನು ಕಳಿಸಿತು. ನೆದರ್ಲೆಂಡ್ಸಿನವರು, ನಮ್ಮ ಭಾಷೆ ಚೆನ್ನಾಗಿ ಕಲಿತವರು. ಹಣ ನಿಂತರೆ ಪಿನ್ಯಾಳಂಥವರು ಬರುವುದಿಲ್ಲ, ದೊಡ್ಡ ತರಗತಿಗಳು ಮುಚ್ಚುತ್ತವೆ, ಮಕ್ಕಳು ಮತ್ತೆ ಆ ಬಸ್ಸು ಹತ್ತಬೇಕು. ಹತ್ತುವವರಲ್ಲಿ ನನ್ನ ಮಗಳು ಇಲ್ವಾಳೂ ಒಬ್ಬಳು.

ಆದರೆ ನಮ್ಮ ಜನಕ್ಕೆ ಹೊಗಳಿಕೆ ಗಂಟಲಿನಿಂದ ಮೇಲೆ ಬರುವುದಿಲ್ಲ. ಮರೈಕೆ ಮನೆಮನೆಗೆ ಹೋಗಿ ಕೇಳಿದರು. ಅಪ್ಪ ಅಮ್ಮಂದಿರು ಪರವಾಗಿಲ್ಲ ಅಂದರು. ಮಕ್ಕಳು ನಡೆಯುತ್ತೆ ಅಂದರು. ಮುಖ್ಯೋಪಾಧ್ಯಾಯ ತಪಾನಿ ತುಂಬಾ ಯೋಚಿಸಿ, ದೂರೇನಿಲ್ಲ ಅಂದರು. ನಮ್ಮ ಲೆಕ್ಕದಲ್ಲಿ ಇದು ಮೊದಲ ದರ್ಜೆ. ಮರೈಕೆ ಕಿವಿಗೆ ಅದು ಬರೀ ಪಾಸಾದಂತೆ ಕೇಳಿಸಿತು. ಹೊರಡುವ ಮುನ್ನ ಶಿಕ್ಷಕರ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಊರಿನವರಿಗೆ ಅಷ್ಟೇನೂ ತೃಪ್ತಿ ಇದ್ದಂತಿಲ್ಲ, ಹಾಗೆಯೇ ತಿಳಿಸಬೇಕಾಗುತ್ತದೆ ಎಂದು ನೇರವಾಗಿ ಹೇಳಿಬಿಟ್ಟರು.

ಹೆಲ್ಕಾ ಲೋಟ ಕೆಳಗಿಟ್ಟರು. "ಮಾರ್ತಾ ಅಜ್ಜಿ ಪಿನ್ಯಾನ ಸ್ಕೀ ಮೇಲೆ ಕರ್ಕೊಂಡು ಹೋಗಿ ತನ್ನ ಹಿಲ್ಲಾ ಜಾಗ ತೋರ್ಸಿದ್ದಾಳೆ. ಬೇಸಿಗೇಲಿ ಬಂದು ಕಿತ್ಕೋ ಅಂದಿದ್ದಾಳೆ."

ತಪಾನಿ ಕೈಯ ಚಮಚ ನಿಂತಿತು. ಹಿಲ್ಲಾ ನಮ್ಮ ಜೌಗಿನಲ್ಲಿ ಸಿಗುವ ಹೊಂಬಣ್ಣದ ಹಣ್ಣು. ಅದು ಬಿಡುವ ಜಾಗವನ್ನು ಇಲ್ಲಿ ಯಾರೂ ಹೆತ್ತ ಮಕ್ಕಳಿಗೂ ಹೇಳುವುದಿಲ್ಲ, ಸಾಯುವಾಗ ಜೊತೆಗೇ ಒಯ್ಯುತ್ತಾರೆ. ಬಾಗಿಲಲ್ಲಿ ನಿಂತಿದ್ದ ಅಡುಗೆಯಾಕೆ ಮಾರ್ತಾಳ ಸೊಸೆ. ಅವಳ ಮುಖ ಕೆಂಪಾಯಿತು. "ಮದ್ವೆ ಆಗಿ ಇಷ್ಟು ವರ್ಷ ಆಯ್ತು, ನನಗೇ ತೋರ್ಸಿಲ್ಲ," ಎಂದಳು.

ಮರೈಕೆ ಒಂದೊಂದೇ ಮುಖ ನೋಡಿದರು. ಏನಿದರ ಅರ್ಥ ಎಂದು ಕೇಳಿದರು. ಆ ಜಾಗ ಎಂಥ ಗುಟ್ಟೆಂಬುದನ್ನೂ, ಮೊಮ್ಮಗನಿಗೆ ಭಿನ್ನರಾಶಿ ಹಿಡಿತಕ್ಕೆ ಬಂದ ದಿನ ಅಜ್ಜಿ ಪಿನ್ಯಾಳನ್ನು ಕರೆದೊಯ್ದದ್ದನ್ನೂ ಹೆಲ್ಕಾ ವಿವರಿಸಿದರು. ಆಮೇಲೆ ಅಂದರಂತೆ, "ನಮ್ಮ ಕಡೆ ಬೆಣ್ಣೆ ಹಚ್ಚೋದು ಬ್ರೆಡ್ಡಿಗೆ ಮಾತ್ರ. ಮೇಷ್ಟ್ರು ಒಳ್ಳೇವ್ರಾದ್ರೆ ನಾವು ಹೊಗಳಲ್ಲ, ಹೋಗೋಕೆ ಬಿಡಲ್ಲ." ಮರೈಕೆ ಅಂದು ಹೊರಡಲಿಲ್ಲ. ಸಂಜೆಯವರೆಗೂ ಕೂತು ಮತ್ತೆ ಎಲ್ಲರನ್ನೂ ಕೇಳಿದರು, ಈ ಸಲ ಉತ್ತರಕ್ಕಾಗಿ ಕಾದರು.

ಹಣ ಮುಂದುವರಿಯುತ್ತದೆಂದು ಕಳೆದ ವಾರ ತಿಳಿಯಿತು. ಓದು ಮುಗಿದೊಡನೆ ಇಲ್ಲಿಗೇ ಬರುವುದಾಗಿ ಪಿನ್ಯಾ ಹೇಳಿದ್ದಾಳೆ. ಹಣ ಕೊಟ್ಟವರಿಗೆ, ಅದನ್ನು ನಮ್ಮೂರಿನ ಮಟ್ಟಿಗೆ ಸಾರ್ಥಕ ಮಾಡಿದ ಈ ಹೆಂಗಸಿಗೆ ನಾವೆಲ್ಲ ಋಣಿಗಳು. ಇದನ್ನು ಅವರ ಮುಖಕ್ಕೆ ಹೇಳುವ ಎದೆಗಾರಿಕೆ ನನಗಿಲ್ಲ, ಅದಕ್ಕೇ ಪತ್ರಿಕೆಯ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಹೆಲ್ಕಾ ಅವರನ್ನು ಕೇಳಿದೆ.

"ಟೀಚರ್ ಆಗೋಕೆ ಏನು ಓದ್ಬೇಕು ಅಂತ ನಿನ್ ಮಗ್ಳು ಮೊನ್ನೆ ಕೇಳಿದ್ಳು," ಎಂದರು. ಇಲ್ವಾ ಇದನ್ನು ನನಗೆ ಹೇಳಿಯೇ ಇರಲಿಲ್ಲ. "ಅವ್ಳು ಓದಿ ಬರೋವರ್ಗೂ ಈ ಹಣ ಬರ್ತಾ ಇದ್ರೆ ಸಾಕು. ಆಮೇಲೆ ಹೊರಗಿನೋರನ್ನ ಕಾಯೋ ಕೆಲ್ಸ ಇರಲ್ಲ ನಂಗೆ."