ಸೊಸಿನ ಪಂಚಮಿಗೆ ಕರೀರಿ ಅಂತ ಕೇಳಲಿಕ್ಕೆ ಹೋದದ್ದು

ನಾ ಸಾಲಿ ಕಲ್ತದ್ದು ಮೂರನೇ ಇಯತ್ತೆ ತನಕ. ಆಮ್ಯಾಲ ವಾಡಿ ಹತ್ರ ಖಣಿಯೊಳಗ ಫರಸಿ ಕಲ್ಲು ಒಡಕೋಂತ ವಯಸ್ಸು ಕಳೀತು. ಉದ್ದಕ ಬರಿಯೋ ರೂಢಿ ಇಲ್ಲ. ಆದ್ರ ಈ ಸಲ ನಾಗರಪಂಚಮಿಗೆ ಆದ ಮಾತು ಯಾರಿಗಾರೆ ಹೇಳದಿದ್ರ ನನ್ನ ಹೊಟ್ಟಿ ಒಡೀತದ. ಓಣಿ ಮಂದಿಗೆಲ್ಲ ಹೇಳಿ ಮುಗಿಸೀನಿ. ಈಗ ನನ್ನ ದೂರದಿಂದ ಕಂಡ್ರೇ ಸಂದಿ ಹಿಡದು ಹೋಗಲಿಕತ್ತಾರ. ಅದಕ್ಕ ಬರದೇ ಬಿಡ್ತೀನಿ.

ನಮ್ಮ ಮೊಮ್ಮಗಳು ನಮ್ಮ ಕೈಯಾಗೇ ಬೆಳದಾಕಿ. ಈಗ ಸೇಡಂದಾಗ ರಕ್ತ ತಪಾಸ ಮಾಡೋ ಲ್ಯಾಬಿನಾಗ ಕೆಲಸ. ಅಕಿ ಜೋಡಿ ಒಂದು ಹುಡುಗಿ ಇರ್ತಾಳ, ಚಿಂಚೋಳಿಗೆ ಹತ್ತಿದ ಚಂದಾಪುರದಾಕಿ, ಟೇಲರ್. ಹೋದ ವರ್ಷ ಇಬ್ಬರೂ ಕೂಡಿ ವಾಡಿಗೆ ಬಂದು, ನಮ್ಮ ಮುಂದ ಕುಂತು, ಚಾ ಆರೋ ತನಕ ಕಪ್ಪು ತಿರುವಿಕೋಂತ ಇದ್ರು. ಕಡೀಕ ಮೊಮ್ಮಗಳೇ ಬಾಯಿ ಬಿಟ್ಳು.

"ಮುತ್ಯಾ, ನಾವು ಬರೇ ಗೆಳತ್ಯಾರಲ್ಲ. ಗಂಡ ಹೆಂಡ್ತಿ ಹ್ಯಾಂಗ ಇರ್ತಾರ, ಹಂಗ ಜನ್ಮ ಪೂರ್ತಿ ಕೂಡೇ ಇರೋರು."

"ಇದರಾಗ ಗಂಡ ಯಾರವ್ವ?" ಅಂದೆ.

"ಯಾರೂ ಇಲ್ಲ ಮುತ್ಯಾ."

ನನಗ ಇನ್ನೂ ತಲಿಗೆ ಹತ್ತವಲ್ದಾಗಿತ್ತು. ಅಷ್ಟರಾಗ ಒಲಿ ಮುಂದ ಕುಂತಿದ್ದ ನನ್ನ ಹೆಂಡ್ತಿ ಹಣಿ ಹಣಿ ಬಡಕೊಂಡಳು. "ಗಂಡಸೇ ಇಲ್ಲದ ಸಂಸಾರ! ಇಂಥಾದ್ದೊಂದು ಇರ್ತದಂತ ನನ್ನ ಲಗ್ನಕ್ಕ ಮೊದಲು ಯಾರೂ ಯಾಕ ಹೇಳಲಿಲ್ಲ?"

ಹುಡುಗೀರು ನಗಲಿಕ್ಕೆ ಸುರು ಮಾಡಿದೋರು ಅಳೋದರಾಗ ಮುಗಿಸಿದ್ರು.

ನಾ ಮಾತ್ರ ಒಂದಷ್ಟು ದಿನ ಕಟ್ಟಿ ಮ್ಯಾಲ ಕುಂತು ಎದುರಿನ ಗೋಡಿ ನೋಡಿದೆ. ಗೋಡಿ ಏನೂ ಹೇಳಲಿಲ್ಲ. ಆಮ್ಯಾಲ ಆ ಹುಡುಗಿ ನನಗೊಂದು ಅಂಗಿ ಹೊಲಕೊಂಡು ಬಂದಳು, ಎಲಿ ಅಡಿಕಿ ಚೀಲಕ್ಕಂತ ಒಳಗೊಂದು ಕಿಸೆ ಇಟ್ಟು. ನನ್ನ ಎಲಿ ಚೀಲ ಎಲ್ಲಿ ಇಡ್ತೀನಿ ಅಂತ ಈ ಮನ್ಯಾಗ ಯಾರಾದರೂ ನೋಡಿದ್ದು ಅದೇ ಮೊದಲು. ನನ್ನ ಹೆಂಡ್ತಿಗೆ ಹೊಲಿದ ಜಂಪರ್ ಅಂತೂ ಓಣಿ ತುಂಬ ಸುದ್ದಿ ಆಯ್ತು.

"ಯಾರು ಹೊಲಿದ್ರು?" ಅಂತ ಬಾಜೂ ಮನಿಯಾಕಿ ಕೇಳಿದ್ರ, "ನಮ್ಮ ಸೊಸಿ" ಅಂದ್ಳು ಹೆಂಡ್ತಿ.

"ನಿಮಗಿರೋದು ಮೊಮ್ಮಗಳು. ಸೊಸಿ ಎಲ್ಲಿಂದ ಬಂದ್ಳು?"

"ಚಂದಾಪುರದಿಂದ. ನೀ ಜಂಪರ್ ಹೊಲಿಸ್ಕೋತಿಯೋ ಇಲ್ಲೋ ಅಷ್ಟು ಹೇಳು."

ಹೊಲಿಸ್ಕೊಂಡ್ಳು.

ಈಗ ಪಂಚಮಿ ಮಾತಿಗೆ ಬರ್ತೀನಿ. ನಮ್ಮ ಕಡಿ ಪಂಚಮಿ ಅಂದ್ರ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ. ತಾವೇ ಬರಂಗಿಲ್ಲ. ತವರಿಂದ ಯಾರರೆ ಉಂಡಿ ಡಬ್ಬಿ ಹಿಡಕೊಂಡು ಹೋಗಿ, ಅತ್ತಿ ಕೈಯಾಗ ಕೊಟ್ಟು, "ನಮ್ಮ ಹುಡುಗೀನ ಕಳಿಸ್ರಿ" ಅಂತ ಕೇಳಿ ಕರಕೊಂಡು ಬರಬೇಕು. ಹೆಂಡ್ತಿ ಶೇಂಗಾ ಉಂಡಿ ಕಟ್ಟಿ, ಬೇವಿನ ಗಿಡಕ್ಕ ಜೋಕಾಲಿ ಕಟ್ಟಿಸಿ, "ಹೋಗ್ರಿ, ಇಬ್ಬರನ್ನೂ ಕರಕೊಂಡು ಬರ್ರಿ" ಅಂತ ನನ್ನ ಕಳಿಸಿದ್ಳು. ಪ್ಯಾಸೆಂಜರ್ ಗಾಡಿ ಹತ್ತಿ, ಚಿತ್ತಾಪುರ ದಾಟಿ, ಸೇಡಂದಾಗ ಇಳಿದೆ.

ಬಾಗಿಲಿಗೆ ಹೋಗಿ ನಿಂತ ಮ್ಯಾಲ ನನಗ ಫಜೀತಿ ಸುರುವಾಯ್ತು. ಡಬ್ಬಿ ಯಾರ ಕೈಯಾಗ ಕೊಡಬೇಕು? ಆ ಮನ್ಯಾಗ ಅತ್ತಿನೇ ಇಲ್ಲ. ಹುಡುಗೀರ ಕೈಯಾಗ ಕೊಟ್ರ ಪದ್ಧತಿ ಕೆಡ್ತದ. ನಾ ಹಂಗೇ ಹೊಸ್ತಲದಾಗ ಡಬ್ಬಿ ಹಿಡಕೊಂಡು ನಿಂತೆ. ಮನಿ ಮಾಲಕಿ, ಹುಡುಗೀರು ಖಾಲಾ ಅಂತ ಕರಿಯೋ ಮುದುಕಿ, ಕೆಳಗಿನ ಮನಿಯಿಂದ ಹೊರಗ ಬಂದ್ಳು. ನಾ ಅಕಿ ಕೈಯಾಗೇ ಡಬ್ಬಿ ಇಟ್ಟು, "ನಮ್ಮ ಹುಡುಗೀರನ್ನ ಕಳಿಸ್ರಿ" ಅಂದುಬಿಟ್ಟೆ.

ಖಾಲಾ ಡಬ್ಬಿ ನೋಡಿದ್ಳು, ನನ್ನ ನೋಡಿದ್ಳು. ತಿಳೀತು. ತಲಿ ಮ್ಯಾಲಿನ ಸೆರಗು ಸರಿ ಮಾಡಿಕೊಂಡು, ಕುರ್ಚಿ ತರಿಸಿ, ಕಾಲ ಮ್ಯಾಲ ಕಾಲು ಹಾಕಿ ಕುಂತ್ಳು.

"ಬಾಡಿಗಿ ಮನಿ ಕೊಟ್ಟೀನಿ ಅನ್ಕೊಂಡಿದ್ದೆ. ಅತ್ತಿ ಆಗಿಬಿಟ್ಟೀನಿ ನೋಡ್ರಿ! ಈಗ ನನ್ನ ಮಾತು ಕೇಳಬೇಕು ಎಲ್ಲಾರೂ."

ಆಗ ಚಂದಾಪುರದ ಹುಡುಗಿ ಮಷೀನ್ ಬಿಟ್ಟು ಏಳಲೇ ಇಲ್ಲ. "ನಾ ಬರಂಗಿಲ್ಲ ಮುತ್ಯಾ. ಜಂಪರ್ ಭಾಳ ಉಳದಾವ" ಅಂದ್ಳು. ಜೋರಾಗಿ ಮಷೀನ್ ತುಳೀಲಿಕತ್ತಿದ್ಳು. ನೋಡ್ತೀನಿ, ಸೂಜಿಯೊಳಗ ದಾರಾನೇ ಇಲ್ಲ.

ಮೊಮ್ಮಗಳು ನನ್ನ ಹೊರಗ ಕರಕೊಂಡು ಬಂದು ಹೇಳಿದ್ಳು. ತಾವಿಬ್ಬರೂ ಕೂಡಿ ಇರೋ ಮಾತು ಗೊತ್ತಾದಾಗಿಂದ ಅಕಿ ಅವ್ವ ಪಂಚಮಿಗೆ ಕರೀಲಿಕ್ಕೆ ಬಂದಿಲ್ಲ. "ಹಬ್ಬ ಹತ್ರ ಬಂತಂದ್ರ ಹಿಂಗೇ ಮುತ್ಯಾ. ಬಾಗಿಲದಾಗ ಯಾರು ನಿಂತ್ರೂ ಥಟ್ಟನೆ ತಲಿ ಎತ್ತಿ ನೋಡ್ತಾಳ. ಇವತ್ತೂ ನೋಡಿದ್ಳು. ನೀ ಇದ್ದಿ."

ಖಾಲಾ ಎಲ್ಲಾ ಕೇಳಿಸ್ಕೊಂಡ್ಳು. "ನಿಮ್ಮ ಮೊಮ್ಮಗಳನ್ನ ನೀವು ಒಯ್ಯಿರಿ. ಆದ್ರ ಈ ಹುಡುಗೀನ ನಿಮ್ಮ ಕೈಯಾಗ ಕೊಡಂಗಿಲ್ಲ. ನೀವು ಈಕಿ ತವರಿನವರೇನು? ಈಕಿ ಅವ್ವ ಬಂದು ಕೇಳ್ಲಿ, ಕಳಸ್ತೀನಿ" ಅಂತ ಡಬ್ಬಿ ವಾಪಸ್ ನನ್ನ ಕೈಯಾಗ ಇಟ್ಟಳು. ಬಾಡಿಗಿ ಮನಿ ಅತ್ತಿ ಇಷ್ಟು ಖಡಕ್ ಇರ್ತಾಳಂತ ನನಗೇನು ಗೊತ್ತು.

ಹಂಗಾದ್ರ ಹೋಗಿ ಕೇಳೇ ಬರೋಣಂತ, ಅದೇ ಡಬ್ಬಿ ಹಿಡಕೊಂಡು, ಹುಡುಗಿಗೆ ಹೇಳದೆ ಚಿಂಚೋಳಿ ಬಸ್ ಹತ್ತಿದೆ.

ಚಂದಾಪುರದಾಗ ಅಕಿ ಅವ್ವಂದು ಬಳಿ ಅಂಗಡಿ. ಪಂಚಮಿಗೆ ತವರಿಗೆ ಬಂದ ಮಂದಿ ಹೆಣ್ಣುಮಕ್ಕಳೆಲ್ಲ ಅಲ್ಲೇ ಕೈ ಚಾಚಿ ಕುಂತಿದ್ರು. ಅಕಿ ಒಬ್ಬೊಬ್ಬರ ಕೈ ಹಿಚುಕಿ ಬಳಿ ಇಡಸಲಿಕತ್ತಿದ್ಳು. ಅವರ ನಡುವ ನಾನೊಬ್ಬ ರುಮಾಲದ ಮುದುಕ.

"ಏನು ಬೇಕ್ರಿ?"

"ನಾ ಸೇಡಂ ಹುಡುಗಿ ಮುತ್ಯಾ" ಅಂದೆ. ಅಕಿ ಕೈಯಾಗಿನ ಬಳಿ ಅಲ್ಲೇ ನಿಂತಿತು.

"ನನಗೇನೂ ಬುದ್ಧಿ ಹೇಳಬ್ಯಾಡ್ರಿ."

"ಬುದ್ಧಿ ಇದ್ರ ಅಲ್ಲೇನ್ರಿ ಹೇಳೋದು. ನಾ ತಕರಾರು ಹೇಳಲಿಕ್ಕೆ ಬಂದೀನಿ. ನಮ್ಮ ಸೊಸಿನ ಪಂಚಮಿಗೆ ಕರೀಲಿಕ್ಕೆ ತವರಿಂದ ಯಾರೂ ಬರವಲ್ಲರು. ಮನಿ ಮಾಲಕಿ ಖಾಲಾ ಅತ್ತಿ ಆಗಿ ಕುಂತಾಳ, ನೀವು ಬಂದು ಕೇಳಿದ್ರೇ ಕಳಸ್ತಾಳಂತ. ಗಂಡಿನ ಕಡಿಯವರು ನಾವು. ನಮಗಿದು ಅಪಮಾನ ಅಲ್ಲೇನು?"

"ಗಂಡಿನ ಕಡಿ? ಅದರಾಗ ಗಂಡು ಯಾರು?"

"ನಾನೂ ಕೇಳಿ ನೋಡೀನ್ರಿ. ಯಾರೂ ಇಲ್ಲಂತ."

ಬಳಿ ಇಡಸ್ಕೊಳ್ಳೋ ಹೆಣ್ಣುಮಕ್ಕಳೆಲ್ಲ ಖೊಕ್ಕನೆ ನಕ್ಕರು. ಅಕಿ ನಗಲಿಲ್ಲ. ಡಬ್ಬಿ ತೆಗೆದು ಒಂದು ಉಂಡಿ ಕಡದ್ಳು. ಮೋತಿ ಕಿವಚಿ ಗಲ್ಲ ಹಿಡಕೊಂಡ್ಳು.

"ಇದು ಉಂಡಿನೋ, ನಿಮ್ಮ ಕಡಿ ಫರಸಿ ಕಲ್ಲೋ? ಇದನ್ನ ತಿನಿಸಿ ನನ್ನ ಮಗಳ ಹಲ್ಲು ಮುರೀತೀರೇನು? ಹೋಗ್ರಿ, ಹೋಗ್ರಿ."

ಡಬ್ಬಿ ಅಲ್ಲೇ ಬಿಟ್ಟು ನಾ ಎದ್ದು ಬಂದೆ. ಬಸ್ಸಿನಾಗ ಕುಂತಾಗ ಹೊಳೀತು, ಅಕಿ 'ನನ್ನ ಮಗಳು' ಅಂದಾಳಲ್ಲ! ಬಾಜೂ ಕುಂತಾವನಿಗೂ ಹೇಳಿದೆ. ಅಂವ ಎದ್ದು ಹಿಂದಿನ ಸೀಟಿಗೆ ಹೋದ.

ಆ ರಾತ್ರಿ ಸೇಡಂದಾಗೇ ಉಳಿದೆ. ಮರುದಿನ ಮುಂಜಾನೆ ಮೊಮ್ಮಗಳು ಚೀಲ ತುಂಬಿ ತಯಾರಾದಳು. ನಾ ಹೊಂಡಲಿಲ್ಲ. ಹುಡುಗಿ ಅವ್ವ ಬಂದ್ರ ಅಂತ ಒಂದು ಆಸಿ. ನನ್ನ ಚಪ್ಪಲಿ ನಾನೇ ಖಾಲಾನ ಕಟ್ಟಿಗಿ ಒಟ್ಟಿನ ಹಿಂದ ಒಗದು, "ಯಾರು ತೊಗೊಂಡ್ರು?" ಅಂತ ಗದ್ಲ ಎಬ್ಬಿಸಿದೆ. ಎಲ್ಲಾರೂ ಚಪ್ಪಲಿ ಹುಡಕಲಿಕತ್ತಾಗ ಗಾಡಿ ಹೋಯ್ತು. ಅಷ್ಟರಾಗ ಬಾಗಿಲದಾಗ ಒಂದು ನೆರಳು ಬಿತ್ತು.

ಚಂದಾಪುರದ ಬಳಿ ಅಂಗಡಿಯಾಕಿ! ಬಗಲಾಗ ದೊಡ್ಡ ಡಬ್ಬಿ.

ಸೀದಾ ಖಾಲಾನ ಕೈಯಾಗ ಡಬ್ಬಿ ಇಟ್ಟು, ಯಾರ ಮೋತಿನೂ ನೋಡದೆ, "ನಮ್ಮ ಹುಡುಗೀನ ಕಳಿಸ್ರಿ" ಅಂದ್ಳು.

ಖಾಲಾ ಒಂದು ಉಂಡಿ ತಿಂದು, ಇನ್ನೊಂದು ತಿಂದು, "ಜಲ್ದಿ ವಾಪಸ್ ಕಳಸಬೇಕು ಮತ್ತ" ಅಂದ್ಳು.

ಮಷೀನ್ ನಿಂತಿತು. ಹುಡುಗಿ ಮಂಚದ ಕೆಳಗ ಬಗ್ಗಿ ಒಂದು ಚೀಲ ಎಳದ್ಳು. ತುಂಬಿಟ್ಟ ಚೀಲ. ಆವಾಗ ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡ್ಳು. ನಾನೂ ಚಪ್ಪಲಿ ಹುಡಕೋ ನೆವಕ್ಕ ಕಟ್ಟಿಗಿ ಹಿಂದ ಹೋಗಿ ಕಣ್ಣು ಒರಸ್ಕೊಂಡೆ.

ವಾಪಸ್ ಬಂದ್ರ ಅಕಿ ಅವ್ವ ನಮ್ಮ ಮೊಮ್ಮಗಳಿಗೆ ಬೈಲಿಕತ್ತಾಳ. "ನೀ ಯಾಕ ಗ್ವಾಡಿಗೆ ಹತ್ತಿ ನಿಂತಿ? ನಡಿ, ಬಸ್ ಹೋಗ್ತದ. ಇಬ್ಬರಿಗೂ ಬಳಿ ತೆಗದಿಟ್ಟೀನಿ."

"ಏ, ಅಕಿ ನಮ್ಮ ಹುಡುಗಿ!" ಅಂದೆ ನಾ. "ನಾ ಕರೀಲಿಕ್ಕೆ ಬಂದೀನಿ!"

ಅಕಿ ನನ್ನ ಹಳೇ ಡಬ್ಬಿ ನನ್ನ ಕೈಯಾಗ ತುರುಕಿ, "ಬೀಗರ, ಮುಂದಿನ ವರ್ಷ ನಿಮ್ಮ ಪಾಳಿ. ಉಂಡಿ ಮೆತ್ತಗ ಮಾಡಿಸ್ರಿ" ಅಂತ ಇಬ್ಬರನ್ನೂ ಕರಕೊಂಡು ಹೋಗೇ ಬಿಟ್ಳು.

ವಾಡಿಗೆ ಒಬ್ಬನೇ ಬಂದೆ. ಹೆಂಡ್ತಿ ಜೋಕಾಲಿ ಹತ್ರ ನಿಂತಿದ್ಳು. "ಇಬ್ಬರನ್ನ ಕರಕೊಂಡು ಬರ್ರಿ ಅಂದ್ರ ಇದ್ದ ಒಬ್ಬಾಕಿನ್ನೂ ಕೊಟ್ಟು ಬಂದ್ರಿ?"

"ನನಗ ಬೀಗರ ಅಂದ್ಳು" ಅಂದೆ.

ಅಕಿ ಜೋಕಾಲಿ ಹಗ್ಗ ಜಗ್ಗಿ ನೋಡಿದ್ಳು. ಆಮ್ಯಾಲ, "ಉಂಡಿಗೆ ಏನಂದ್ಳು?"

"ಭಾಳ ಛಲೋ ಆಗ್ಯಾವ ಅಂದ್ಳು."

ಜೋಕಾಲಿ ಖಾಲಿ ಇತ್ತು. ರುಮಾಲು ಬಿಗಿ ಮಾಡಿ ನಾನೇ ಹತ್ತಿ ಕುಂತೆ. ಓಣಿ ಮಂದಿ ನಗಲಿಕತ್ರು. ಹೆಂಡ್ತಿ ಹಿಂದಿನಿಂದ ಬಂದು, "ಗಟ್ಟಿ ಹಿಡೀರಿ ಬೀಗರ" ಅಂತ ಒಂದು ಝೋಕ್ ಕೊಟ್ಳು ನೋಡ್ರಿ, ನನ್ನ ಕಾಲು ಬೇವಿನ ಎಲಿಗೆ ಮುಟ್ಟಿದ್ವು.