ದೊಡ್ಡಮ್ಮನನ್ನು ತೆರಿಗೆದಾರಳನ್ನಾಗಿ ಮಾಡಿದವರು

ಒಂದು ಕೈಯಿಂದ ಪರಿಹಾರ ಕೊಟ್ಟಿರಿ. ಆ ಪರಿಹಾರವನ್ನೇ ಆದಾಯವೆಂದು ಎಣಿಸಿ, ಇನ್ನೊಂದು ಕೈಯಿಂದ ನನ್ನ ದೊಡ್ಡಮ್ಮನ ಪಡಿತರ ಚೀಟಿಯನ್ನು ಕಿತ್ತುಕೊಂಡಿರಿ. ಇದು ನನ್ನ ಆರೋಪ. ಪುತ್ತೂರಿನಲ್ಲಿ ಕುಳಿತು ಆದಾಯ ತೆರಿಗೆಯ ರಿಟರ್ನ್ಸ್ ತುಂಬಿಸಿದವರ ಮೇಲೆ, ಅದನ್ನು ಕಣ್ಣುಮುಚ್ಚಿ ನಂಬಿ ಕಾರ್ಡು ರದ್ದು ಮಾಡಿದ ಕಚೇರಿಯ ಮೇಲೆ, ಪರಿಹಾರ ಹಂಚುವಾಗ ಫೋಟೋಕ್ಕೆ ನಿಂತು ಆಮೇಲೆ ಫೋನೆತ್ತದ ಜನಪ್ರತಿನಿಧಿಯ ಮೇಲೆ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಓದುವಾಗ ನಿಮ್ಮನ್ನು ನೀವೇ ಗುರುತಿಸಿಕೊಳ್ಳುತ್ತೀರಿ, ಪಕ್ಕದಲ್ಲಿ ಕುಳಿತವರೂ ಗುರುತಿಸುತ್ತಾರೆ ಎಂಬ ಆಸೆಯಿಂದಲೇ ಬರೆಯುತ್ತಿದ್ದೇನೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಅವರದೊಂದು ಸಣ್ಣ ಹೋಟೆಲು ಇದೆ. ಮುಂದೆ ಬೆಂಚು, ಮೇಜು, ಹಿಂದೆ ಅಡುಗೆಮನೆ, ಅದಕ್ಕೆ ತಾಗಿಕೊಂಡು ಮಲಗುವ ಕೋಣೆ. ನಾನು ಐವರ್ನಾಡಿನ ಶಾಲೆಯಲ್ಲಿ ಓದುತ್ತಿದ್ದಾಗ ರಜೆ ಸಿಕ್ಕಿದ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ನಡುವೆ ಯಾತ್ರಿಕರ ಬಸ್ಸುಗಳು. ಒಬ್ಬ ಚಾಲಕ ಬಸ್ಸಿನಿಂದಲೇ ಕೂಗುತ್ತಿದ್ದ:

"ಅಕ್ಕಾ, ದೇವರಿಗಿಂತ ಮೊದಲು ನಿಮ್ಮ ಬನ್ಸು!"

"ಮೆಲ್ಲಗೆ ಹೇಳು ಮಾರಾಯ. ದೇವರು ಕೇಳಿಸಿಕೊಂಡ್ರೆ ಇಳಿಜಾರಲ್ಲಿ ನಿಂಗೆ ಬ್ರೇಕು ಹಿಡಿಲಿಕ್ಕಿಲ್ಲ!"

ದೊಡ್ಡಮ್ಮ ಯಾರಿಗೂ ಮಾತಿನಲ್ಲಿ ಸೋತದ್ದನ್ನು ನಾನು ಕಂಡಿರಲಿಲ್ಲ. ಅವರು ಸೋತದ್ದನ್ನು ಮೊದಲ ಬಾರಿಗೆ ನೋಡಬೇಕಾಗಿ ಬಂದದ್ದು ನಿಮ್ಮಿಂದ.

ಎರಡು ಮಳೆಗಾಲಗಳ ಹಿಂದೆ ಹೋಟೆಲಿನ ಹಿಂಬದಿಯ ಗುಡ್ಡ ಜಾರಿತು. ಹಾಲಿನ ವಾಹನದವನಿಗೆ ಚಾ ಕೊಡಲು ದೊಡ್ಡಮ್ಮ ಮುಂದಿನ ಬಾಗಿಲಿಗೆ ಬಂದಿದ್ದರು. ಅಷ್ಟರಲ್ಲಿ ಅಡುಗೆಮನೆಯೂ ಕೋಣೆಯೂ ಮಣ್ಣಿನಡಿ ಹೋದವು. ಅವರು ಉಳಿದರು. ಗ್ರಾಮ ಆಡಳಿತಾಧಿಕಾರಿ ಬಂದು ನೋಡಿದರು, ಎಂಜಿನಿಯರು ಅಳತೆ ತೆಗೆದರು, ರಾಜ್ಯ ಸರ್ಕಾರದ ಪರಿಹಾರ ಮಂಜೂರಾಯಿತು. ಅಲ್ಲಿಯವರೆಗೆ ಎಲ್ಲವೂ ನಡೆಯಬೇಕಾದ ಹಾಗೆಯೇ ನಡೆದಿತ್ತು ಎಂಬುದನ್ನು ದ್ವೇಷದ ನಡುವೆಯೂ ಒಪ್ಪುತ್ತೇನೆ. ಮಂಜೂರಾತಿ ಪತ್ರವನ್ನು ಕೊಟ್ಟ ಜನಪ್ರತಿನಿಧಿ ದೊಡ್ಡಮ್ಮನ ಪಕ್ಕದಲ್ಲಿ ನಿಂತು, "ಇದು ನಿಮ್ಮ ಹಕ್ಕು ಅಮ್ಮಾ, ನಮ್ಮ ಉಪಕಾರ ಅಲ್ಲ" ಎಂದರು. ಆ ಫೋಟೋ ಪತ್ರಿಕೆಯಲ್ಲಿ ಬಂತು. ದೊಡ್ಡಮ್ಮ ಅದಕ್ಕೆ ಕಟ್ಟು ಹಾಕಿಸಿ, ಹೋಟೆಲಿನ ಗೋಡೆಯಲ್ಲಿ ದೇವರ ಪಟದ ಕೆಳಗೆ ತೂಗುಹಾಕಿದರು.

ಪರಿಹಾರದಲ್ಲಿ ಗೋಡೆ ಎದ್ದಿತು, ಅದರ ಮೇಲೆ ಹೆಂಚಿನ ಮಾಡು ಬಂತು. ಅಡುಗೆಮನೆಗೆ ಸಾಲ ಬೇಕಾಯಿತು. ಸಾಲಕ್ಕೆ ಹೋದಲ್ಲಿ ಮೊದಲ ಪ್ರಶ್ನೆ: "ನಿಮ್ಮದು ಫೈಲ್ ಉಂಟಾ?"

ನಮ್ಮ ಕಡೆಯ ಒಂದು ರೂಢಿಯನ್ನು ಇಲ್ಲಿ ವಿವರಿಸಬೇಕು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಹೆಚ್ಚಿನವರ ಬದುಕು ತೋಟದ್ದು. ಕೃಷಿಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲದ ಕಾರಣ ರಿಟರ್ನ್ಸ್ ಎಂಬುದರ ಗೊಡವೆ ನಮಗೆ ತಲೆಮಾರುಗಳಿಂದ ಇರಲಿಲ್ಲ. ಅದರ ಅಗತ್ಯ ಬೀಳುವುದು ಜೀಪಿಗೋ ಮನೆಗೋ ಸಾಲ ಬೇಕಾದಾಗ. ಆಗ ಪೇಟೆಗೆ ಹೋಗಿ 'ಫೈಲ್ ಮಾಡಿಸುವುದು'. ಅದನ್ನು ಮಾಡಿಕೊಡುವವರಿಗೆ ಯಾವ ಪದವಿ ಇದ್ದರೂ ಇಲ್ಲದಿದ್ದರೂ ನಮ್ಮ ಬಾಯಲ್ಲಿ ಅವರು 'ಆಡಿಟರು'. ಸಾಲದವರ ಮುಂದೆ ಆದಾಯವನ್ನು ಹೆಚ್ಚಿಸಿ ತೋರಿಸಬೇಕು, ಕಾರ್ಡಿನವರ ಮುಂದೆ ಇಳಿಸಿ ತೋರಿಸಬೇಕು. ಎರಡು ಬಾಗಿಲು, ಎರಡು ಮುಖ. ಈ ಎರಡು ಬಾಗಿಲುಗಳ ನಡುವಿನ ಗೋಡೆಯನ್ನು ಕಂಪ್ಯೂಟರು ಕೆಡವಿ ಹಾಕಿದೆ ಎಂಬುದು ಆಡಿಟರಿಗೆ ಗೊತ್ತಿರಬೇಕಾಗಿತ್ತು. ಅದು ಅವರ ಕಸುಬು. ಅದಕ್ಕೇ ಅವರು ಶುಲ್ಕ ಪಡೆಯುವುದು.

ಪುತ್ತೂರಿನ ಆಡಿಟರ ಕೋಣೆಯಲ್ಲಿ ನಡೆದ ಮಾತನ್ನು ದೊಡ್ಡಮ್ಮ ನನಗೆ ಆಮೇಲೆ ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದ್ದಾರೆ.

"ಅಕ್ಕಾ, ಬರೀ ನಿಮ್ಮ ಚಾ–ಬನ್ಸಿನ ಲೆಕ್ಕ ತೋರಿಸಿದ್ರೆ ಸಾಲ ಕೊಡುವವರು ನಗ್ತಾರೆ. ಖಾತೆಗೆ ಬೇರೆ ಎಂತಾದ್ರೂ ಬಂದದ್ದುಂಟಾ?"

"ಗುಡ್ಡ ಜಾರಿದ್ದಕ್ಕೆ ಸರ್ಕಾರ ಕೊಟ್ಟದ್ದುಂಟು."

"ಹಾಗೆ ಹೇಳಿ! ಅದನ್ನೂ ವ್ಯಾಪಾರಕ್ಕೆ ಸೇರಿಸುವ. ಫೈಲು ಗಟ್ಟಿಯಾಗ್ತದೆ."

"ಟ್ಯಾಕ್ಸು ಬೀಳ್ಲಿಕ್ಕುಂಟಾ?"

"ಒಂದು ಪೈಸೆ ಇಲ್ಲ. ಹೆದರ್ಬೇಡಿ ಮಾರಾಯ್ರೆ."

ತೆರಿಗೆ ಬೀಳಲಿಲ್ಲ, ನಿಜ. ಪರಿಹಾರವನ್ನು ಸೇರಿಸಿದ ಮೇಲೂ ಮೊತ್ತ ತೆರಿಗೆಯ ಮಿತಿಯ ಒಳಗೇ ಇತ್ತು. ಆದರೆ ಪಡಿತರ ಕಾರ್ಡಿನ ಆದಾಯ ಮಿತಿ ಅದಕ್ಕಿಂತ ಎಷ್ಟೋ ಕೆಳಗೆ, ಅದನ್ನು ಆ ಮೊತ್ತ ದಾಟಿತ್ತು. ಸಾಲ ಸಿಕ್ಕಿತು, ಅಡುಗೆಮನೆ ಎದ್ದಿತು, ಬನ್ಸಿನ ಪರಿಮಳ ರಸ್ತೆಗೆ ಮರಳಿತು. ಸಾಲದ ಕಂತಿಗೆ ದೊಡ್ಡಮ್ಮ ಕಂಡುಕೊಂಡ ದಾರಿ ಸರಳವಾಗಿತ್ತು: ಮನೆಯ ಯಜಮಾನಿಗೆ ತಿಂಗಳು ತಿಂಗಳು ರಾಜ್ಯ ಸರ್ಕಾರ ಕೊಡುವ ಹಣ ಕಂತಿಗೆ, ಪಡಿತರದ ಅಕ್ಕಿ ಊಟಕ್ಕೆ, ಹೋಟೆಲಿನ ಗಳಿಕೆ ಉಳಿದದ್ದಕ್ಕೆ. ಇಷ್ಟೂ ನಿಂತಿದ್ದದ್ದು ಒಂದು ಕಾರ್ಡಿನ ಮೇಲೆ. ಕಾರ್ಡು ಹೋದರೆ ಕಂತು ನಿಲ್ಲುತ್ತದೆ. ಕಂತು ನಿಂತರೆ, ಗುಡ್ಡ ಒಮ್ಮೆ ನುಂಗಿದ ಅಡುಗೆಮನೆಯನ್ನು ಈ ಬಾರಿ ಸಾಲ ಕೊಟ್ಟವರು ನುಂಗುತ್ತಾರೆ.

ಕಾರ್ಡು ಹೋದದ್ದು ಅವರಿಗೆ ತಿಳಿದದ್ದು ಪಡಿತರ ಅಂಗಡಿಯಲ್ಲಿ, ಸಾಲಿನ ಎದುರು. ಆ ದಿನ ಚೀಲ ಹೊರಲೆಂದು ನಾನೂ ಜೊತೆಗೆ ಹೋಗಿದ್ದೆ.

"ಅಕ್ಕಾ, ನಿಮ್ಮದು ಬರುದಿಲ್ಲ," ಎಂದರು ಅಂಗಡಿಯವರು.

"ತಡೀರಿ, ಬೆರಳು ಒರೆಸಿ ಇಡ್ತೇನೆ. ಮೈದಾ ಅಂಟಿದೆ."

"ಬೆರಳಿಂದು ಎಂತದೂ ಇಲ್ಲ. ಕಾರ್ಡೇ ರದ್ದಾಗಿದೆ. ನೀವು ಟ್ಯಾಕ್ಸ್ ಕಟ್ಟುವವರು ಅಂತ ಬಂದಿದೆ."

ಹಿಂದಿನಿಂದ ಯಾರೋ ಕೂಗಿದರು: "ಹೌದಾ ಮಾರಾಯ್ರೆ! ಹಾಗಾದ್ರೆ ಚಾಕ್ಕೆ ಇನ್ನು ಬಿಲ್ಲು ಕೊಡ್ಲಿಕ್ಕುಂಟು!"

"ಬನ್ಸಿಗೆ ಜಿಎಸ್‌ಟಿ ಬೇರೆ!" ಎಂದರು ಇನ್ನೊಬ್ಬರು.

ಸಾಲು ನಕ್ಕಿತು. ಕೆಟ್ಟ ಜನರಲ್ಲ, ದಿನವೂ ಅವರ ಹೋಟೆಲಿನಲ್ಲಿ ಕುಳಿತು ಚಾ ಕುಡಿಯುವವರು. ದೊಡ್ಡಮ್ಮನೂ ನಗಲು ನೋಡಿದರು. ತಿರುಗಿ ಹೇಳಲು ಬಾಯಿ ತೆರೆದರು. ಖಾಲಿ ಚೀಲವನ್ನು ಸಣ್ಣದಾಗಿ ಮಡಚಿ, ಸೆರಗಿನೊಳಗೆ ಹಿಡಿದುಕೊಂಡು, ಸಾಲಿನ ಮುಖ ನೋಡದೆ ನಡೆದರು. ಆ ವಾರದೊಳಗೆ ರಸ್ತೆಯುದ್ದಕ್ಕೂ ಅವರಿಗೆ 'ಟ್ಯಾಕ್ಸಕ್ಕ' ಎಂಬ ಹೆಸರು ಬಿತ್ತು. ಬಸ್ಸಿನ ಚಾಲಕನೂ ಹಾಗೆಯೇ ಕೂಗಿದ. ದೊಡ್ಡಮ್ಮ ಬನ್ಸು ಕಟ್ಟಿ ಕೊಟ್ಟು ಒಳಗೆ ಹೋದರು. ಆ ತಿಂಗಳು ಯಜಮಾನಿಯ ಹಣವೂ ಬರಲಿಲ್ಲ.

ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದುವಾಗ ಕೇಂದ್ರ ಮತ್ತು ರಾಜ್ಯಗಳ ಹಣಕಾಸಿನ ಸಂಬಂಧದ ಬಗ್ಗೆ ನಾನು ಪುಟಗಟ್ಟಲೆ ಬರೆದಿದ್ದೇನೆ. ಆ ಸಂಬಂಧ ಒಂದು ಅಕ್ಕಿಯ ಚೀಲದ ಮೇಲೆ ಹೇಗೆ ಬಂದು ಕುಳಿತುಕೊಳ್ಳುತ್ತದೆ ಎಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ. ಪುತ್ತೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಕಾನೂನನ್ನು ಓದಿದೆ. ಅದು ಹೇಳುವುದು ಇಷ್ಟು: ವಿಪತ್ತಿಗೆ ಸಿಕ್ಕಿದ ವ್ಯಕ್ತಿಗೆ ಕೇಂದ್ರ ಸರ್ಕಾರವಾಗಲಿ, ರಾಜ್ಯ ಸರ್ಕಾರವಾಗಲಿ, ಸ್ಥಳೀಯ ಸಂಸ್ಥೆಯಾಗಲಿ ಕೊಡುವ ಪರಿಹಾರವು ಆದಾಯ ತೆರಿಗೆಯ ಲೆಕ್ಕದಲ್ಲಿ ಆದಾಯಕ್ಕೆ ಸೇರದು. ಅದೇ ನಷ್ಟವನ್ನು ತೋರಿಸಿ ತೆರಿಗೆಯಲ್ಲಿ ಮೊದಲೇ ಕಡಿತ ಪಡೆದಿದ್ದರೆ ಆ ಮಟ್ಟಿಗೆ ಮಾತ್ರ ವಿನಾಯಿತಿ ಇಲ್ಲ. ದೊಡ್ಡಮ್ಮ ಯಾವ ಕಡಿತವನ್ನೂ ಪಡೆದವರಲ್ಲ. ರಾಜ್ಯ ಕೊಡುವ ಪ್ರತಿಯೊಂದು ಹಣಕ್ಕೂ ಈ ಮಾತು ಅನ್ವಯಿಸುತ್ತದೆಂದು ನಾನು ಹೇಳುತ್ತಿಲ್ಲ. ಗುಡ್ಡ ಕುಸಿದದ್ದಕ್ಕೆ ಕೊಟ್ಟ ಪರಿಹಾರದ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಮಣ್ಣಿನಡಿ ಹೋದ ಗೋಡೆಯ ಬದಲಿಗೆ ಬಂದ ಗೋಡೆಯನ್ನು ಗಳಿಕೆ ಎನ್ನುವಷ್ಟು ನಿರ್ದಯವಾಗಿ ಆ ಕಾನೂನನ್ನು ಬರೆದಿಲ್ಲ. ನಿರ್ದಯತೆಯನ್ನು ಅದಕ್ಕೆ ಸೇರಿಸಿದವರು ನೀವು.

ಮೊದಲು ಆಡಿಟರ ಬಳಿಗೆ ಹೋದೆ. ನಾನು ಸಮಾಧಾನ ಮಾಡಿಕೊಳ್ಳಲು ಹೋದವಳಲ್ಲ, ಅವರ ನೆಮ್ಮದಿ ಕೆಡಿಸಲು ಹೋದವಳು.

"ತಂಗೀ, ನಿನ್ನ ದೊಡ್ಡಮ್ಮನೇ ಸಾಲ ಬೇಕು ಅಂತ ಬಂದದ್ದಲ್ವಾ? ನಾನು ಉಪಕಾರ ಮಾಡಿದ್ದು," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣೆತ್ತದೆ.

"ಉಪಕಾರಕ್ಕೆ ಶುಲ್ಕ ತೆಗೊಳ್ಳುದುಂಟಾ ಸರ್? ಪರಿಹಾರವನ್ನು ವ್ಯಾಪಾರದ ಆದಾಯ ಅಂತ ಹಾಕ್ಲಿಕ್ಕೆ ಯಾವ ಕಾನೂನು ಹೇಳ್ತದೆ, ತೋರಿಸಿ."

"ಎಲ್ಲರೂ ಮಾಡುದು ಹಾಗೆಯೇ."

"ಹಾಗಾದ್ರೆ ಎಲ್ಲರಿಗೂ ಹೇಳುವ."

ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತೆ. ಬಂದವರೊಡನೆ, ಬಾಗಿಲು ತೆರೆದೇ ಇರುವಾಗ, ಸ್ಪಷ್ಟ ದನಿಯಲ್ಲಿ ವಿಚಾರಿಸಿದೆ: ನಿಮಗೂ ಮಳೆಯ ಪರಿಹಾರ ಬಂದದ್ದುಂಟಾ? ಇವರು ಅದನ್ನು ಎಲ್ಲಿ ಹಾಕಿದ್ದಾರೆ, ಕೇಳಿದ್ದೀರಾ? ನರಿಮೊಗರಿನ ಕಡೆಯ ಒಬ್ಬರು ಹಿರಿಯರು ಥಟ್ಟನೆ ಎದ್ದು ಒಳಗೆ ಹೋಗಿ, "ನಂದು ಎಲ್ಲಿ ಹಾಕಿದ್ದೀರಿ ಮಾರಾಯ್ರೆ?" ಎಂದು ಕೇಳಿದರು. ಆಡಿಟರ ಮುಖದಲ್ಲಿ ಬೆವರು ಕಂಡಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಊಟದ ಹೊತ್ತಿಗೆ ಅವರೇ ನನ್ನನ್ನು ಒಳಗೆ ಕರೆದರು. ತಿದ್ದುವ ಅವಧಿ ಇನ್ನೂ ಮುಗಿದಿರಲಿಲ್ಲ. ನನ್ನ ಕಣ್ಣೆದುರೇ ಪರಿಷ್ಕೃತ ರಿಟರ್ನ್ಸ್ ಸಲ್ಲಿಕೆಯಾಯಿತು. ಪರಿಹಾರ, ಅದು ಇರಬೇಕಾಗಿದ್ದ ವಿನಾಯಿತಿಯ ಅಂಕಣಕ್ಕೆ ಹೋಯಿತು. ತಿದ್ದುಪಡಿಯ ಶುಲ್ಕದ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಮರುದಿನವೂ ಬೆಂಚಿನಲ್ಲಿರುತ್ತಿದ್ದೆ.

ತಿದ್ದಿದ ರಿಟರ್ನ್ಸಿನ ಪ್ರತಿ ಹಿಡಿದು, ದೊಡ್ಡಮ್ಮನನ್ನೂ ಕರೆದುಕೊಂಡು ಕಾರ್ಡಿನ ಕಚೇರಿಗೆ ಹೋದೆ. ಮೇಜಿನ ಆಚೆಗಿದ್ದ ಅಧಿಕಾರಿ ಓದಿದರು. ಮತ್ತೊಮ್ಮೆ ಓದಿದರು.

"ಇದು ಸರಿ ಉಂಟು. ಆದ್ರೆ ನಮಗೆ ಮೇಲಿಂದ ಹೆಸರು ಬಂದಾಗಿದೆ. ಬಂದದ್ದನ್ನು ತೆಗೀಲಿಕ್ಕೆ ನಮ್ಮಲ್ಲಿ ಆಗುದಿಲ್ಲ."

"ತಪ್ಪು ಅಂತ ನಿಮಗೆ ಈಗ ಗೊತ್ತಾಯ್ತಲ್ಲ?"

"ಗೊತ್ತಾಯ್ತು."

"ಮತ್ತೆ?"

"ಗೊತ್ತಾದ್ರೆ ಸಾಕಾಗುದಿಲ್ಲ ಅಮ್ಮಾ. ಮುಂದಿನ ತಿಂಗಳು ಬನ್ನಿ." ಆಮೇಲೆ, ಹಗುರ ಮಾಡಲೆಂದೋ ಏನೋ, ದೊಡ್ಡಮ್ಮನ ಕಡೆಗೆ ತಿರುಗಿ ನಕ್ಕರು: "ದೊಡ್ಡ ಜನ ಆದಿರಲ್ಲ ಅಕ್ಕ. ನಮಗೂ ಒಮ್ಮೆ ಬನ್ಸು ತಿನ್ನಿಸಿ."

ದೊಡ್ಡಮ್ಮ ಕೈಮುಗಿದರು. ಅವರಿಂದ ಹಾಗೆ ಕೈಮುಗಿಸಿಕೊಂಡದ್ದಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ.

ಆ ಬಳಿಕ ಮುಂದಿನ ತಿಂಗಳುಗಳು ಬಂದವು, ಹೋದವು. ಜನಪ್ರತಿನಿಧಿಗೆ ಮಾಡಿದ ಕರೆಗಳನ್ನು ಅವರ ಸಹಾಯಕರು ಎತ್ತಿ, 'ಮೀಟಿಂಗಿನಲ್ಲಿದ್ದಾರೆ' ಎಂದರು. ಕೊನೆಗೆ ಅವರೂ ಎತ್ತುವುದನ್ನು ಬಿಟ್ಟರು. ಕಂತು ಕಟ್ಟಲು ದೊಡ್ಡಮ್ಮ ಕಿವಿಯ ಬೆಂಡೋಲೆಯನ್ನು ಅಡವಿಟ್ಟರು. ಇದನ್ನು ನನಗೆ ಹೇಳಿದವರು ಅವರಲ್ಲ, ಬರಿದಾದ ಕಿವಿ. ಹೋದ ವಾರ ಹೋಟೆಲಿಗೆ ಹೋದಾಗ ಗೋಡೆಯ ಫೋಟೋವನ್ನು ಕೆಳಗಿಳಿಸಿದೆ.

"ಅದನ್ನು ಎಂತಕ್ಕೆ ತೆಗೆದದ್ದು ಮಗಾ?"

"ಬರೀಲಿಕ್ಕುಂಟು ದೊಡ್ಡಮ್ಮ. ಮುಖ ಮರೆಯಬಾರದು."

"ಬಿಡು ಮಾರಾಯ್ತಿ. ಅವರಿಗೂ ಹೆಂಡತಿ ಮಕ್ಕಳು ಉಂಟು. ಬರೆದ್ರೆ ನಾಳೆ ಅದೇ ಬಾಗಿಲಿಗೆ ನಾನಲ್ವಾ ಹೋಗುದು?"

"ನೀವು ಹೋಗುದು ಬೇಡ. ಅವರೇ ಬರ್ಲಿ."

ದೊಡ್ಡಮ್ಮ ಎಣ್ಣೆಯಲ್ಲಿದ್ದ ಬನ್ಸನ್ನು ಮಗುಚಿ ಹಾಕಿದರು. ಅದು ಉಬ್ಬಿ ಮೇಲೆ ಬಂತು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಬರೆಯುದಾದ್ರೆ ಟ್ಯಾಕ್ಸಕ್ಕ ಅಂತ ಕರೆದದ್ದನ್ನೂ ಬರಿ."

ಬರೆದಿದ್ದೇನೆ. ಅವರು ಕ್ಷಮಿಸಬಹುದು, ಅದು ಅವರ ದೊಡ್ಡತನ. ನನ್ನಲ್ಲಿ ಅದಿಲ್ಲ. ಖಾಲಿ ಚೀಲವನ್ನು ಮಡಚಿಕೊಂಡು ಅಷ್ಟು ಜನರ ಎದುರು ನಡೆಯುವುದು ಹೇಗಿರುತ್ತದೆ ಎಂಬುದನ್ನು ನೀವು ಒಬ್ಬೊಬ್ಬರೂ ಒಮ್ಮೆ ತಿಳಿಯಬೇಕೆಂಬುದು ನನ್ನ ಹಟ. ಆ ಹಟವನ್ನು ಈಗ ನಿಮ್ಮ ಭಾಷೆಯಲ್ಲಿಯೇ ಸಲ್ಲಿಸುತ್ತೇನೆ.

ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ: ಪ್ರಕೃತಿ ವಿಕೋಪದ ಪರಿಹಾರವನ್ನು ಕೇಂದ್ರದ ತೆರಿಗೆ ಕಾನೂನೇ ಆದಾಯವೆಂದು ಪರಿಗಣಿಸದಿರುವಾಗ, ಪರಿಹಾರ ಕೊಟ್ಟ ರಾಜ್ಯದ ಕಚೇರಿಯೇ ಅದನ್ನು ಆದಾಯವೆಂದು ಯಾವ ಆಧಾರದ ಮೇಲೆ ಪರಿಗಣಿಸಿತು ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕು. ಪರಿಷ್ಕೃತ ರಿಟರ್ನ್ಸಿನ ಆಧಾರದಲ್ಲಿ ನನ್ನ ದೊಡ್ಡಮ್ಮನ ಪಡಿತರ ಚೀಟಿಯನ್ನು ಮರುಸ್ಥಾಪಿಸಿ, ತಡೆಹಿಡಿದ ತಿಂಗಳುಗಳ ಹಣವನ್ನು ಅವರ ಖಾತೆಗೆ ಜಮಾ ಮಾಡಬೇಕು. ಇದೇ ರೀತಿ ಪರಿಹಾರ ಪಡೆದು ಕಾರ್ಡು ಕಳೆದುಕೊಂಡವರು ಈ ಮೂರು ತಾಲೂಕುಗಳಲ್ಲಿ ಬೇರೆ ಯಾರಿದ್ದಾರೆಂದು, ಅವರು ಬಂದು ಕೈಮುಗಿಯುವುದಕ್ಕೆ ಕಾಯದೆ, ನೀವೇ ಹುಡುಕಬೇಕು. ತಪ್ಪೆಂದು ತಿಳಿದ ಮೇಲೂ ಸುಮ್ಮನಿದ್ದವರ ಮೇಲೆ ಕ್ರಮ ಕೈಗೊಂಡು, ಏನು ಕ್ರಮವೆಂದು ತಿಳಿಸಬೇಕು. ಮತ್ತು ಚೀಟಿ ಮರಳಿ ಬಂದ ದಿನ, ನಿಮ್ಮ ಕಚೇರಿಯ ಜವಾಬ್ದಾರಿಯುತ ಅಧಿಕಾರಿಯೊಬ್ಬರು ಅದೇ ಪಡಿತರ ಅಂಗಡಿಗೆ, ಸಾಲಿನಲ್ಲಿ ಜನರಿರುವ ಹೊತ್ತಿಗೆ ಬಂದು, ರದ್ದತಿ ಕಚೇರಿಯ ತಪ್ಪಾಗಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೊದಲ ಅಕ್ಕಿಯ ಚೀಲವನ್ನು ದೊಡ್ಡಮ್ಮನ ಕೈಗೆ ಎತ್ತಿ ಕೊಡಬೇಕೆಂದು ಈ ಮೂಲಕ ಕೋರುತ್ತೇನೆ.